ನೆರೆ ಬಂದಾಗ ಏಳುವ ಪಂಪು

ಫೆಬ್ರವರಿ ೩, ಸೋಮವಾರ

ಇವತ್ತು ಉಪವಾಸ. ನೀರೂ ಇಲ್ಲ. ಬೆಳಕು ಹರಿಯೋ ಮೊದಲೇ ಎದ್ದು ಮೆಟ್ಟಿಲು ಗುಡಿಸಿ ಒರೆಸಿ, ಸ್ನಾನ ಮಾಡಿ, ದೇವರ ಮುಂದೆ ದೀಪ ಹಚ್ಚಿದೆ. ಅಡುಗೆ ಆಯಿತು, ಡಬ್ಬಿ ಕಟ್ಟಿದ್ದಾಯಿತು. ಮಗಳು ಹೊಲಿಗೆ ಕಾರ್ಖಾನೆಗೆ ಹೋದಳು. ಇವರು ಕೆಳಗಿಳಿದು ಅಂಗಡಿಯ ಬಾಗಿಲೆತ್ತಿದರು. ಅಂಗಡಿ ಅಂದರೆ ಕೆಟ್ಟ ನೀರಿನ ಪಂಪುಗಳ ಆಸ್ಪತ್ರೆ. ಅದರ ಮೇಲೆಯೇ ನಮ್ಮ ಮನೆ. ದಿನವಿಡೀ ಕೆಳಗಿನಿಂದ ಗುಂಯ್ ಅನ್ನೋ ಸದ್ದು, ಸುಟ್ಟ ವಾರ್ನಿಷ್ ವಾಸನೆ.

ಈ ಡೈರಿ ಯಾವುದೋ ಪಂಪಿನ ಕಂಪನಿಯವರು ಇವರಿಗೆ ಕೊಟ್ಟದ್ದು. "ನಂಗ್ಯಾಕೆ ಇದು? ನೀನೇ ಇಟ್ಕೊಂಡು ದೇವರ ನಾಮ ಬರಿ" ಅಂದರು. ದೇವರ ನಾಮ ಬರೆಯೋಣ ಅಂತಲೇ ಕೂತೆ. ಪೆನ್ನಿಂದ ಬರ್ತಿರೋದು ಗುಬ್ಬಿ ಹೆಸರು.

ಗುಬ್ಬಿ ನನ್ನ ಮೊಮ್ಮಗಳು. ಡೈರಿಗೆ ಗೊತ್ತಿಲ್ಲವಲ್ಲ, ಅದಕ್ಕೆ ಹೇಳ್ತಿದ್ದೀನಿ. ಏಳು ವರ್ಷ. ತೊಟ್ಟಿಲಲ್ಲಿದ್ದಾಗಿನಿಂದ ಆಗಾಗ ಅವಳಿಗೆ ಒಂದು ಪಕ್ಕ ಬಿದ್ದುಹೋಗುತ್ತೆ. ಒಂದು ಸಲ ಎಡಗಡೆ, ಇನ್ನೊಂದು ಸಲ ಬಲಗಡೆ. ಕೈ ಒದ್ದೆ ಬಟ್ಟೆ ಹಾಗೆ ಜೋತುಬೀಳುತ್ತೆ. ಮಾತು ತೊದಲುತ್ತೆ. ಬುದ್ಧಿ ಮಾತ್ರ ಎಚ್ಚರವಾಗಿಯೇ ಇರುತ್ತೆ. ಆ ಎರಡು ಕಣ್ಣು ನಮ್ಮನ್ನೇ ನೋಡ್ತಾ ಇರ್ತವೆ. ಕೆಲವು ಸಲ ಸ್ವಲ್ಪ ಹೊತ್ತು, ಕೆಲವು ಸಲ ಮಾರನೆಯ ದಿನದವರೆಗೂ. ಹಳೆಯ ಡಾಕ್ಟರು ಫಿಟ್ಸ್ ಅಂದು ಸಿರಪ್ ಬರೆದಿದ್ದಾರೆ. ಕುಡಿದರೂ ಬರುತ್ತೆ, ಕುಡಿಯದಿದ್ದರೂ ಬರುತ್ತೆ.

ಹಾಗಾದಾಗ ನಮ್ಮ ಮನೆಯಲ್ಲಿ ಒಂದು ಕ್ರಮ ಇದೆ. ಮಗುವನ್ನು ಮಲಗೋಕೆ ಬಿಡೋದಿಲ್ಲ. ಇದು ಇವರ ಕಟ್ಟಪ್ಪಣೆ. "ಏದುಸಿರು ಬಿಡೋ ಮೋಟಾರನ್ನ ನಿಲ್ಲಿಸಬಾರದು ಕಣೇ. ನಿಂತ್ರೆ ಹಿಡಕೊಂಡುಬಿಡುತ್ತೆ, ಮತ್ತೆ ಏಳಲ್ಲ. ಓಡ್ತಾನೇ ಇರ್ಲಿ." ನನಗೂ ಹೌದು ಅನ್ನಿಸಿದೆ. ಅದಕ್ಕೇ ಬಿಸಿನೀರಲ್ಲಿ ಮುಖ ಒರೆಸ್ತೀನಿ, ದಿಂಬಿಗೆ ಒರಗಿಸಿ ಕೂರಿಸ್ತೀನಿ, ಕೆನ್ನೆ ತಟ್ಟುತ್ತೀನಿ, ಕಿವಿಯ ಪಕ್ಕದಲ್ಲೇ ಗಟ್ಟಿಯಾಗಿ ದೇವರ ನಾಮ ಹೇಳ್ತೀನಿ. ಕೊನೆಗೆ ಎಲ್ಲೋ ನನ್ನ ಕಣ್ಣು ತಪ್ಪಿಸಿ ತೂಕಡಿಸಿಬಿಡ್ತಾಳೆ. ಎದ್ದಾಗ ನೋಡಿದರೆ ಸರಿಹೋಗಿರ್ತಾಳೆ. ದೇವರಿಗೆ ಕೇಳಿಸ್ತು ಅಂದುಕೊಂಡು ಕೈ ಮುಗೀತೀನಿ.

ಶುಕ್ರವಾರ ತರಗತಿಯಲ್ಲೇ ಬಿದ್ದಳಂತೆ. ಇವತ್ತು ದೊಡ್ಡ ಟೀಚರಮ್ಮ ನನ್ನನ್ನು ಕರೆಸಿದ್ದರು. ಶಾಲೆಗೆ ಅವರೇ ಮುಖ್ಯಸ್ಥೆ. ಅವರ ಎತ್ತರದ ಚಪ್ಪಲಿಯ ಟಕ್ ಟಕ್ ಕೇಳಿದರೆ ಮಕ್ಕಳೇನು, ಗೋಡೆ ಮೇಲಿನ ಗಡಿಯಾರವೂ ಬೆನ್ನು ನೆಟ್ಟಗೆ ಮಾಡ್ಕೊಳ್ಳುತ್ತೆ. ಕೆಟ್ಟವರಲ್ಲ. ಇದ್ದದ್ದನ್ನು ಇದ್ದಹಾಗೆ ಹೇಳಿದರು.

"ಅಮ್ಮಾ, ಈ ಮಗು ಬಿದ್ರೆ ಉಳಿದವೆಲ್ಲ ಕಿರುಚಿಕೊಳ್ತವೆ. ಟೀಚರ್ ಕೈಕಾಲು ನಡುಗುತ್ತೆ. ಏನು ಮಾಡಬೇಕು ಅಂತ ನಮಗೆ ಗೊತ್ತಿಲ್ಲ. ನಿಮಗೆ ಗೊತ್ತಾ?"

ನಾನು ಸೆರಗು ಸರಿಮಾಡಿಕೊಂಡೆ.

"ನೋಡಿ, ನಿಮಗೂ ಗೊತ್ತಿಲ್ಲ. ಏನು ಎತ್ತ ಅಂತ ತಿಳ್ಕೊಂಡು ಬನ್ನಿ. ಇಲ್ಲದಿದ್ರೆ ಮುಂದಿನ ತರಗತಿಗೆ ನಾನು ಸೇರಿಸ್ಕೊಳ್ಳೋಕಾಗಲ್ಲ."

ಗುಬ್ಬಿ ಬಾಗಿಲ ಮರೆಯಲ್ಲಿ ನಿಂತು ಕೇಳಿಸಿಕೊಂಡಿದ್ದಾಳೆ. ದಾರಿಯಲ್ಲಿ ನಿಧಾನವಾಗಿ, ಅವಳ ಮಾತೇ ನಿಧಾನ, ಕೇಳಿದಳು: "ಅಜ್ಜಿ, ನಾನು ಹೋಗದಿದ್ರೆ ನನ್ನ ಬೆಂಚಿನ ಮೇಲೆ ಯಾರು ಕೂರ್ತಾರೆ?"

ಇನ್ನು ಮೇಲೆ ಬುಧವಾರವೂ ಉಪವಾಸ ಹಿಡೀತೀನಿ.

ಫೆಬ್ರವರಿ ೧೨, ಬುಧವಾರ

ಉಪವಾಸ. ಗುಬ್ಬಿಗೆ ಚೆನ್ನಾಗಿ ಬಿಸಿನೀರು ಹಾಕಿ ತಲೆಗೆ ಸ್ನಾನ ಮಾಡಿಸಿದೆ. ತಲೆ ಒರೆಸ್ತಿರುವಾಗಲೇ ಬಲಗಡೆ ಪೂರ್ತಿ ಬಿತ್ತು. ನಾನು ಕೆನ್ನೆ ತಟ್ಟೋಕೆ ಶುರು ಮಾಡಿದೆ, ಇವರೂ ಅಂಗಡಿ ಬಿಟ್ಟು ಓಡಿ ಬಂದು ಅಂಗಾಲು ಉಜ್ಜಿದರು. ಮಗಳು ಕೆಲಸಕ್ಕೆ ಹೊರಟವಳು ಬಾಗಿಲಲ್ಲೇ ನಿಂತಳು.

"ಮಲಗಲಿ ಬಿಡಮ್ಮ. ಕಣ್ಣು ಮುಚ್ಚಿ ಮುಚ್ಚಿ ಬರ್ತಿದೆ ಅದಕ್ಕೆ."

"ಮಲಗಿದ್ರೆ ಮತ್ತೆ ಏಳದಿದ್ರೆ? ನಿಂಗೇನು ಗೊತ್ತು?"

"ನಂಗೇನೂ ಗೊತ್ತಿಲ್ಲ. ನಿನ್ನ ಉಪವಾಸ ಒಂದು ಕಡೆ, ಅಪ್ಪನ ಮೋಟಾರು ಒಂದು ಕಡೆ, ಮಧ್ಯದಲ್ಲಿ ನನ್ನ ಮಗು. ದೊಡ್ಡಾಸ್ಪತ್ರೆಯ ನರದ ಡಾಕ್ಟರ ಹತ್ರ ಹೆಸರು ಬರೆಸಿ ಬಂದಿದ್ದೀನಿ. ನೀವಿಬ್ಬರೂ ಬರ್ತೀರಾ, ಇಲ್ಲ ನಾನೊಬ್ಬಳೇ ಹೋಗ್ಲಾ?"

ಹೆತ್ತ ಮಗಳು ಹೀಗೆ ಮಾತಾಡೋದಾ? ತಟ್ಟೆ ಕುಕ್ಕಿ ಇಟ್ಟೆ. ಖಾಲಿ ತಟ್ಟೆ, ಸದ್ದು ಜೋರಾಗಿಯೇ ಬಂತು.

ಫೆಬ್ರವರಿ ೧೩, ಗುರುವಾರ

ಇನ್ನೂ ಸರಿಹೋಗಿಲ್ಲ. ಬರೆಯೋಕೆ ಮನಸ್ಸಿಲ್ಲ.

ಫೆಬ್ರವರಿ ೨೦, ಗುರುವಾರ

ಇವತ್ತು ನಡೆದದ್ದನ್ನು ನಿಧಾನವಾಗಿ ಬರೀಬೇಕು. ಕೈ ಮುಂದೆ ಮುಂದೆ ಓಡ್ತಿದೆ.

ನರದ ಡಾಕ್ಟರು ಹೆಂಗಸು, ನನ್ನ ಮಗಳಿಗಿಂತ ಸ್ವಲ್ಪ ದೊಡ್ಡವಳಿರಬಹುದು. ಮೇಜಿನ ಮೇಲೆ ಅರ್ಧ ಕಚ್ಚಿದ ಸೇಬು. ಮಗಳು ಮೊಬೈಲಿನಲ್ಲಿ ಹಿಡಿದಿದ್ದ ವಿಡಿಯೋ ನೋಡಿದರು, ಮತ್ತೆ ನೋಡಿದರು. ಆಮೇಲೆ ನನ್ನ ಕಡೆ ತಿರುಗಿ, "ಹೀಗಾದಾಗ ಮಲಗಿಬಿಟ್ರೆ ಏನಾಗುತ್ತೆ?" ಅಂತ ಕೇಳಿದರು.

"ಮಲಗೋಕೆ ನಾನು ಬಿಟ್ರೆ ತಾನೇ!" ಅಂದೆ. ಶಹಬ್ಬಾಸ್ ಅಂತಾರೆ ಅಂದುಕೊಂಡಿದ್ದೆ.

ಅವರು ಪೆನ್ನು ಕೆಳಗಿಟ್ಟರು.

ಅಷ್ಟರಲ್ಲಿ ನರ್ಸು ರಕ್ತ ತೆಗೆಯೋಕೆ ಸೂಜಿ ತಂದಳು. ಸೂಜಿ ಕಂಡದ್ದೇ ತಡ, ಗುಬ್ಬಿಯ ಎಡಗೈ ತೊಡೆಯಿಂದ ಜಾರಿ ಕುರ್ಚಿಯ ಪಕ್ಕ ತೂಗಾಡಿತು. ನಾನು ಎದ್ದು ಕೆನ್ನೆ ತಟ್ಟೋಕೆ ಶುರು ಮಾಡಿದೆ, ದೇವರ ನಾಮ ಎತ್ತಿದೆ. ಆ ಆಸ್ಪತ್ರೆಯ ಸಾಲಿನಲ್ಲಿ ಕೂತವರೆಲ್ಲ ಬಗ್ಗಿ ನೋಡುವಷ್ಟು ಗಟ್ಟಿಯಾಗಿ.

ಡಾಕ್ಟರು ನನ್ನ ಕೈ ಹಿಡಿದುಕೊಂಡರು. "ಅಮ್ಮಾ, ನನಗೊಂದು ಉಪಕಾರ ಮಾಡ್ತೀರಾ? ದೇವರ ಹತ್ರ ಮನಸ್ಸಿನಲ್ಲೇ ಮಾತಾಡಿ."

ಮಗುವನ್ನು ಎತ್ತಿ ಮಂಚದ ಮೇಲೆ ಮಲಗಿಸಿ, ಪರದೆ ಎಳೆದು, ದೀಪ ಆರಿಸಿದರು.

"ನಿಲ್ಲಿಸಬೇಡಿ ಡಾಕ್ಟ್ರೇ!" ಅಂತ ಇವರು ಕೂಗಿದರು. "ಮತ್ತೆ ಸ್ಟಾರ್ಟ್ ಆಗಲ್ಲ!"

"ಆಗುತ್ತೆ, ಕೂತ್ಕೊಳ್ಳಿ."

ಕೂತೆವು. ನನ್ನ ನಾಲಿಗೆ ಹಲ್ಲಿನ ಹಿಂದೆ ಒದ್ದಾಡ್ತಿತ್ತು. ಪರದೆಯ ಆಚೆ ಗುಬ್ಬಿಯ ಉಸಿರು ಮಾತ್ರ ಕೇಳ್ತಿತ್ತು, ಸಣ್ಣಗೆ, ಒಂದೇ ಸಮ. ಡಾಕ್ಟರು ಉಳಿದಿದ್ದ ಸೇಬು ತಿಂದು ಮುಗಿಸಿದರು. ಇವರು ಅಂಗಿಯ ಗುಂಡಿ ತಿರುಗಿಸಿ ತಿರುಗಿಸಿ ಕಿತ್ತೇಬಿಟ್ಟರು.

ಆಮೇಲೆ ಒಂದು ಆಕಳಿಕೆ ಕೇಳಿಸಿತು. ಡಾಕ್ಟರು ಪರದೆ ಸರಿಸಿದರು. ಗುಬ್ಬಿ ಎದ್ದು ಕೂತು ಮೂಗು ತುರಿಸಿಕೊಳ್ತಿದ್ದಳು. ಎಡಗೈಯಲ್ಲಿ.

ಇಷ್ಟು ವರ್ಷದಲ್ಲಿ ಅಷ್ಟು ಬೇಗ ಅದು ಬಿಟ್ಟದ್ದನ್ನು ನಾನು ನೋಡಿಲ್ಲ. ನಿಂತಲ್ಲೇ ಕೈ ಮುಗಿದೆ. ದೇವರಿಗೋ ಡಾಕ್ಟರಿಗೋ ಆ ಮೂಗಿಗೋ, ನನಗೇ ಗೊತ್ತಾಗಲಿಲ್ಲ. ಮಗಳು ನನ್ನನ್ನು ನೋಡಿದಳು. ನಾನು ಹೇಳಿದ್ದೆ ಅಲ್ವಾ ಅಂತ ಒಂದು ಮಾತು ಬರುತ್ತೆ ಅಂತ ಕಾದೆ. ಬರಲಿಲ್ಲ. ಬಂದು ನನ್ನ ಭುಜಕ್ಕೆ ಹಣೆ ಒತ್ತಿದಳು ಅಷ್ಟೇ.

ರಕ್ತ ತಗೊಂಡಿದ್ದಾರೆ. ಅಪ್ಪ ಅಮ್ಮನದೂ ಬೇಕಂತೆ. ಅಳಿಯ ಲಾರಿ ಓಡಿಸೋನು, ಈ ದಾರಿಯಲ್ಲಿ ಬರೋವಾಗ ನಿಲ್ಲಿಸಿ ಕೊಟ್ಟು ಹೋಗ್ತಾನೆ. ಬಿಸಿನೀರಿನ ಸ್ನಾನ ಬೇಡ, ಉಗುರುಬೆಚ್ಚಗೆ ಸಾಕು ಅಂದಿದ್ದಾರೆ. ಸೆಕೆ, ಗಾಬರಿ, ಅತಿಯಾದ ಖುಷಿ, ಎಲ್ಲವೂ ತರಬಹುದಂತೆ. ಬಂದರೆ ಕತ್ತಲೆ ಮಾಡಿ ಮಲಗಿಸಬೇಕು. ಉಸಿರಾಟ ಮಾತ್ರ ನೋಡ್ತಾ ಇರಬೇಕು. ಏನೋ ಬೇರೆ ಥರ ಅನ್ನಿಸಿದರೆ ಆಸ್ಪತ್ರೆಗೆ ಓಡಬೇಕು.

ಫೆಬ್ರವರಿ ೨೧, ಶುಕ್ರವಾರ

ಇವರು ಊಟಕ್ಕೆ ಮೇಲೆ ಬರಲಿಲ್ಲ. ಕೆಳಗೆ ಹೋಗಿ ನೋಡಿದೆ. ಬಿಚ್ಚಿದ ಪಂಪಿನ ಮುಂದೆ ಸುಮ್ಮನೆ ಕೂತಿದ್ದಾರೆ.

"ರೀ, ಅನ್ನ ಆರ್ತಾ ಇದೆ."

"ಪಾಪ ಕಣೇ, ಮಲಗಬೇಕು ಅಂತಿದ್ದ ಮಗು. ನಾನು ಅಂಗಾಲು ಉಜ್ಜಿದೆ."

"ನೀವು ಅಂಗಾಲು, ನಾನು ಕಿವಿ. ಏಳಿ."

"ನಿನ್ನ ಗಂಟಲಿಗೆ ಮೂರು ಬೀದಿ ಎಚ್ಚರವಾಗ್ತಿತ್ತು. ಅದರಲ್ಲೂ ಅದು ತೂಕಡಿಸ್ತಿತ್ತು ಅಂದ್ರೆ ಗಟ್ಟಿ ಪಿಂಡವೇ."

ನಗು ಬಂತು. ಇಬ್ಬರಿಗೂ. ಮೆಟ್ಟಿಲು ಹತ್ತುವಾಗ ನನ್ನ ತಲೆ ತಿರುಗಿತು, ಇವರ ತೋಳು ಹಿಡಿದುಕೊಂಡೆ. ಆಸರೆಗೆ ಅಂತ ಹೇಳಲಿಲ್ಲ.

ಮಾರ್ಚ್ ೧, ಶನಿವಾರ

ನಾನು ಗೆದ್ದೆ! ನಾವು ಗೆದ್ದೆವು ಅಂತ ಬರೀಬೇಕು.

ಅಡುಗೆಮನೆಯಲ್ಲಿ ಗುಬ್ಬಿಯ ಎಡಗಡೆ ಬಿತ್ತು. ಮನೆಯಲ್ಲಿ ನಾನೊಬ್ಬಳೇ. ಬಾಯಿ ಬಿಚ್ಚಲಿಲ್ಲ. ಎತ್ತಿಕೊಂಡು ಹೋಗಿ ಮಲಗಿಸಿದೆ, ಕಿಟಕಿಗೆ ನನ್ನ ಹಳೆಯ ಸೀರೆ ಇಳಿಬಿಟ್ಟೆ, ಪಕ್ಕದಲ್ಲಿ ಕೂತು ಬೆನ್ನ ಮೇಲೆ ಕೈ ಇಟ್ಟೆ. ಕೆಳಗೆ ಯಾವುದೋ ಮೋಟಾರು ಬೊಬ್ಬೆ ಹೊಡೀತಿತ್ತು. ಕಿಟಕಿಯಿಂದ ಬಗ್ಗಿ ಇವರಿಗೆ ಕೈಸನ್ನೆ ಮಾಡಿದೆ, ತಕ್ಷಣ ಬಂದ್. ಪಕ್ಕದ ಟೈರಿನಂಗಡಿಯವನ ಕೈಲೂ ಬಂದ್ ಮಾಡಿಸಿದ್ದಾರೆ.

ಸ್ವಲ್ಪ ಹೊತ್ತಿಗೆ ಎದ್ದಳು. "ಅಜ್ಜಿ, ಹಸಿವು." ಎಡಗೈಯಲ್ಲೇ ಲೋಟ ಹಿಡಿದು ಹಾಲು ಕುಡಿದಳು. ಅರ್ಧ ಲೋಟ ನನಗೆ ಕೊಟ್ಟಳು. ಕುಡಿದೆ.

ಮಾರ್ಚ್ ೧೭, ಸೋಮವಾರ

ರಕ್ತದ ಉತ್ತರ ಬಂದಿದೆ. ಅಳಿಯನೊಬ್ಬನನ್ನು ಬಿಟ್ಟು ಎಲ್ಲರೂ ಹೋಗಿದ್ದೆವು. ಉಪವಾಸ ಇತ್ತು, ಅದನ್ನು ಆಮೇಲೆ ಹೇಳ್ತೀನಿ.

"ಮಿದುಳು ಕೋಟಿ ಕೋಟಿ ಜೀವಕೋಶದಿಂದ ಆಗಿದೆ" ಅಂತ ಡಾಕ್ಟರು ಶುರು ಮಾಡಿದರು. ಜೀವಕೋಶ ಅನ್ನೋ ಪದ ನಾನೂ ಊರ ಶಾಲೆಯಲ್ಲಿ ಬಾಯಿಪಾಠ ಮಾಡಿದ್ದೆ, ಒಳಗೇನಿದೆ ಅಂತ ಯಾರೂ ಹೇಳಿರಲಿಲ್ಲ. "ಒಂದು ಜೀವಕೋಶ ಇನ್ನೊಂದಕ್ಕೆ ಸುದ್ದಿ ಕಳಿಸಿದಾಗಲೆಲ್ಲ ಅದರ ಗೋಡೆಯ ಬಾಗಿಲು ತೆರೆದು, ಹೊರಗಿನ ಉಪ್ಪು ಒಳಗೆ ನುಗ್ಗುತ್ತೆ. ಆ ಉಪ್ಪನ್ನ ಮತ್ತೆ ಹೊರಗೆ ಹಾಕದಿದ್ರೆ ಮುಂದಿನ ಸುದ್ದಿ ಕಳಿಸೋಕಾಗಲ್ಲ. ಹೊರಗೆ ಹಾಕೋಕೆ ಗೋಡೆಯಲ್ಲೇ ಪಂಪುಗಳಿವೆ."

ಪಂಪು ಅಂದದ್ದೇ ಇವರು ಕುರ್ಚಿಯ ತುದಿಗೆ ಬಂದರು. "ಎಷ್ಟು ಎಚ್‌ಪಿ?"

"ಅಪ್ಪಾ!" ಅಂದಳು ಮಗಳು.

ಡಾಕ್ಟರು ನಕ್ಕರು. "ಕಣ್ಣಿಗೆ ಕಾಣದಷ್ಟು ಚಿಕ್ಕದು ಯಜಮಾನರೇ."

"ಇರ್ಲಿ. ಯಾವಾಗ ಜೋರಾಗಿ ಓಡಬೇಕು, ಯಾವಾಗ ನಿಧಾನ ಅಂತ ಅದಕ್ಕೆ ಹೇಗೆ ತಿಳಿಯುತ್ತೆ? ನಮ್ಮ ತೊಟ್ಟಿಯಲ್ಲಾದ್ರೆ ತೇಲೋ ಬುರುಡೆ ಇರುತ್ತೆ. ನೀರು ಏರಿದ್ರೆ ಬುರುಡೆ ಏರುತ್ತೆ, ಪಂಪು ಶುರು."

"ಇಲ್ಲಿ ಉಪ್ಪೇ ಬುರುಡೆ. ಪಂಪಿನ ಒಳಮೈಯಲ್ಲಿ ಉಪ್ಪು ಕೂರೋಕೆ ಮೂರು ಜಾಗ ಇದೆ. ಮೂರೂ ತುಂಬಿದ್ರೆ ಒಂದು ಸಲ ಮಗುಚುತ್ತೆ. ಮೂರನ್ನ ಆಚೆ ಹಾಕಿ, ಬೇರೆ ಜಾತಿಯ ಎರಡನ್ನ ಒಳಗೆ ತರುತ್ತೆ. ಒಳಗೆ ಉಪ್ಪು ಹೆಚ್ಚಿದಷ್ಟೂ ಬೇಗ ತುಂಬುತ್ತೆ, ಬೇಗ ಮಗುಚುತ್ತೆ."

ಸೀಟು ತುಂಬದೆ ಹೊರಡದ ವ್ಯಾನಿನ ಹಾಗೆ ಅಂತ ನಾನು ಅಂದುಕೊಂಡೆ. ಜನ ಜಾಸ್ತಿ ಇದ್ದರೆ ಬೇಗ ಬೇಗ ಹೊರಡುತ್ತೆ. ಇಷ್ಟೇ ಅಲ್ಲ, ಜೀವಕೋಶವೇ ಪಂಪಿನ ಮೇಲೆ ಚೀಟಿಯಂಥದ್ದೇನೋ ಅಂಟಿಸಿ ವೇಗ ಹೆಚ್ಚು ಕಡಿಮೆ ಮಾಡುತ್ತಂತೆ, ಒಳಗೆ ಕೂಡಿಟ್ಟ ಪಂಪುಗಳನ್ನು ತಂದು ಗೋಡೆಗೆ ಕೂರಿಸುತ್ತಂತೆ. ಒಂದು ಸಾಸಿವೆಕಾಳಿನಷ್ಟೂ ಇಲ್ಲದ ಜಾಗದಲ್ಲಿ ಇಷ್ಟು ಸಂಸಾರ! ದೇವರು ಎಷ್ಟು ಕೂತು ಮಾಡಿದ್ದಾನೆ ನೋಡು ಅನ್ನಿಸಿ ಮೈ ಜುಮ್ಮೆಂದಿತು.

"ಈ ಪಂಪಿನಲ್ಲಿ ಎರಡು ಬಗೆ" ಅಂದರು ಡಾಕ್ಟರು. "ಒಂದು ದಿನನಿತ್ಯದ್ದು, ಸದಾ ಓಡ್ತಿರುತ್ತೆ. ಇನ್ನೊಂದು ಸಾಮಾನ್ಯ ಹೊತ್ತಿನಲ್ಲಿ ಅರ್ಧ ನಿದ್ದೆಯಲ್ಲಿರುತ್ತೆ. ಜೀವಕೋಶ ತುಂಬಾ ದುಡಿದು ಉಪ್ಪಿನ ನೆರೆ ಬಂದಾಗ ಎದ್ದು ಕೆಲಸ ಮಾಡುತ್ತೆ."

"ಸ್ಟ್ಯಾಂಡ್‌ಬೈ!" ಇವರು ಮೇಜು ಕುಟ್ಟಿದರು. "ದೊಡ್ಡ ಕಟ್ಟಡದ ನೆಲಮಾಳಿಗೆಯಲ್ಲಿ ಇರುತ್ತಲ್ಲ, ಅದೇ!"

"ಅದೇ ಅಂದ್ಕೊಳ್ಳಿ. ನಿಮ್ಮ ಮೊಮ್ಮಗಳಿಗೆ ಆ ಎರಡನೆಯದರಲ್ಲಿ ಸುಮಾರು ಅರ್ಧ ಪಂಪುಗಳು ಕೆಟ್ಟಿವೆ. ಸುಮ್ಮನಿದ್ದಾಗ ಹೇಗೋ ನಡೆಯುತ್ತೆ. ಸೆಕೆ, ಗಾಬರಿ, ಖುಷಿ ಬಂದಾಗ ನೆರೆ ಏರುತ್ತೆ, ಪಂಪು ಸಾಲದು, ಆ ಭಾಗ ಮಂಕಾಗುತ್ತೆ. ಅದು ಮಂಕಾದ್ರೆ ಕೈಕಾಲು ಬೀಳುತ್ತೆ."

"ಮಲಗಿದರೆ ಯಾಕೆ ಸರಿಹೋಗುತ್ತೆ?" ಅಂತ ನಾನು ಕೇಳಿದೆ.

"ಪೂರ್ತಿ ಯಾರಿಗೂ ಗೊತ್ತಿಲ್ಲ ಅಮ್ಮಾ. ನಿದ್ದೆಯಲ್ಲಿ ಹೊರೆ ಇಳಿದು ಪಂಪುಗಳಿಗೆ ಬಿಡುವು ಸಿಗಬಹುದು ಅನ್ನೋದು ಒಂದು ಊಹೆ. ಗೊತ್ತಿದೆ ಅಂತ ನಿಮಗೆ ಸುಳ್ಳು ಹೇಳಲ್ಲ."

ಹಾಗಂದದ್ದಕ್ಕೇ ಅವರ ಮೇಲೆ ನನಗೆ ನಂಬಿಕೆ ಇನ್ನೂ ಹೆಚ್ಚಾಯಿತು.

"ಹೊಸ ತಂತಿ ಸುತ್ತಿ ಇದನ್ನ ವೈಂಡಿಂಗ್ ಮಾಡೋರು ಯಾರೂ ಇಲ್ವಾ?" ಅಂತ ಇವರು ಮೆಲ್ಲಗೆ ಕೇಳಿದರು.

"ಇನ್ನೂ ಇಲ್ಲ. ಪ್ರಯತ್ನ ನಡೀತಿದೆ. ಸದ್ಯಕ್ಕೆ ಬರೋದು ಕಡಿಮೆಯಾಗಲಿ ಅಂತ ಒಂದು ಮಾತ್ರೆ ಕೊಡ್ತೀನಿ, ಎಲ್ಲರಿಗೂ ಹಿಡಿಸುತ್ತೆ ಅಂತಲ್ಲ."

ಆಗ ಮಗಳು ಬಾಯಿ ತೆರೆದಳು. ಅದುವರೆಗೂ ನೆಲ ನೋಡ್ತಿದ್ದಳು. "ಡಾಕ್ಟ್ರೇ, ಇದು ನನ್ನಿಂದ ಬಂತಾ? ಅತ್ತೆ ಮನೆಯಲ್ಲಿ ಹಾಗೇ ಅಂತಾರೆ. ಬಸುರಿಯಾಗಿದ್ದಾಗಲೂ ಹೊಲಿಗೆ ಮೆಷಿನ್ ತುಳೀತಿದ್ದೆ ಅಂತ."

"ಇಲ್ಲ. ನಿಮ್ಮಿಬ್ಬರ ರಕ್ತದಲ್ಲೂ ಇದಿಲ್ಲ. ಮೈ ಕಟ್ಟೋ ಸೂಚನೆ ಬರೆದಿರೋ ವಂಶವಾಹಿ ಒಂದು ದೊಡ್ಡ ಪುಸ್ತಕದ ಹಾಗೆ. ಮಗುವಿನ ಪುಸ್ತಕದಲ್ಲೇ ಹೊಸದಾಗಿ ಒಂದಕ್ಷರ ಬದಲಾಗಿದೆ, ಅಷ್ಟೇ. ನೀವು ತುಳಿದ ಮೆಷಿನ್ನಿಗೂ ಇದಕ್ಕೂ ಏನೇನೂ ಸಂಬಂಧವಿಲ್ಲ."

ಅಷ್ಟು ದೊಡ್ಡ ಪುಸ್ತಕದಲ್ಲಿ ಒಂದೇ ಒಂದಕ್ಷರ. ನನ್ನ ಡೈರಿಯ ಒಂದು ಪುಟದಲ್ಲೇ ಎಷ್ಟು ತಪ್ಪಿರುತ್ತೋ.

ಈಗ ಉಪವಾಸದ ವಿಷಯ. ಏಳೋಕೆ ಹೋದವಳು ಗೋಡೆ ಹಿಡಿದೆ. "ಏನು ತಿಂದಿದ್ದೀರಿ?" ಅಂದರು ಡಾಕ್ಟರು. ಗುಬ್ಬಿ ಚಾಡಿ ಹೇಳಿದಳು: "ಅಜ್ಜಿ ನನಗೋಸ್ಕರ ತಿನ್ನಲ್ಲ." ಡಾಕ್ಟರು ಬೈಯಲಿಲ್ಲ. "ಮಿದುಳಿಗೆ ಸಿಗೋ ಶಕ್ತಿಯಲ್ಲಿ ಹೆಚ್ಚು ಕಡಿಮೆ ಅರ್ಧ ಈ ಪಂಪುಗಳ ಹೊಟ್ಟೆಗೇ ಹೋಗುತ್ತೆ ಅಮ್ಮಾ. ಗುಬ್ಬಿಗೆ ಊಟ ತಪ್ಪಿಸಬಾರದು. ಅವಳನ್ನ ಎತ್ತಿಕೊಂಡು ಓಡೋರಿಗೂ ತಪ್ಪಬಾರದು" ಅಂದು ಒಂದು ಸೇಬು ಕೊಟ್ಟರು. ಸಂಜೆ ದೀಪ ಹಚ್ಚಿದ ಮೇಲೆ ತಿಂದೆ. ಸರಿ, ಸುಳ್ಳು ಯಾಕೆ, ಬಸ್ಸಿನಲ್ಲೇ ತಿಂದೆ.

ಅದೇ ಬಸ್ಸಿನಲ್ಲಿ ಮಗಳು ಅಳಿಯನಿಗೆ ಫೋನ್ ಮಾಡಿದಳು. "ರೀ, ನಂದೂ ಅಲ್ಲ, ನಿಮ್ದೂ ಅಲ್ಲ! ಕೇಳಿಸ್ತಾ? ಯಾರದ್ದೂ ಅಲ್ಲ!" ಇಡೀ ಬಸ್ಸಿಗೇ ಕೇಳಿಸಿತು. ಮುಂದಿನ ಸೀಟಿನ ಮುದುಕ ತಿರುಗಿ, "ಹಾಗಾದ್ರೆ ಇಟ್ಕೊಳ್ಳಮ್ಮ" ಅಂದ. ಏನನ್ನು ಅಂತ ಅವನಿಗೆ ಗೊತ್ತಿಲ್ಲ. ಮಗಳು ನಕ್ಕು ನಕ್ಕು ಅತ್ತಳು.

ಮಾರ್ಚ್ ೨೪, ಸೋಮವಾರ

ಡಾಕ್ಟರು ಬರೆದ ಕಾಗದ ಹಿಡಿದು ಶಾಲೆಗೆ ಹೋಗಿದ್ದೆ. ಗುಬ್ಬಿಯ ತರಗತಿಯ ಟೀಚರು, ಸಣ್ಣ ಹುಡುಗಿ, ಗಮನ ಇಟ್ಟು ಓದಿ, "ಇಷ್ಟೇನಾ? ಚಾಪೆ ಹಾಸೋದು, ಕಿಟಕಿ ಮುಚ್ಚೋದು, ಉಸಿರು ನೋಡೋದು? ಇದು ನನ್ನ ಕೈಲಾಗುತ್ತೆ" ಅಂದಳು. ದೊಡ್ಡ ಟೀಚರಮ್ಮ ಕಾಗದ ಮಡಚಿ ವಾಪಸ್ಸು ಕೊಟ್ಟರು.

"ಕಾಗದದಲ್ಲಿ ಎಲ್ಲ ಸುಲಭವೇ ಅಮ್ಮಾ. ನಾನು ಕಣ್ಣಾರೆ ನೋಡಬೇಕು. ಏಪ್ರಿಲ್ ನಾಲ್ಕಕ್ಕೆ ಮಕ್ಕಳ ಸಭೆ ಇದೆ. ಪ್ರತಿ ಮಗುವೂ ಮನೆಯಿಂದ ಒಂದು ವಸ್ತು ತಂದು ಅದರ ಬಗ್ಗೆ ಮಾತಾಡಬೇಕು. ಇವಳೂ ಮಾತಾಡಲಿ. ಆ ದಿನ ಹೇಗೆ ನಡೆಯುತ್ತೆ ನೋಡಿ ನಿರ್ಧಾರ ಮಾಡ್ತೀನಿ."

ಸೆಕೆ, ಗಾಬರಿ, ಖುಷಿ. ಮೂರೂ ಒಂದೇ ದಿನ. ಮೊದಲಾಗಿದ್ದರೆ ಬೇಡವೇ ಬೇಡ ಅಂತಿದ್ದೆ. ಗುಬ್ಬಿಯನ್ನು ಕೇಳಿದೆ.

"ನಾನು ತಾತನ ಪಂಪು ತರ್ತೀನಿ" ಅಂದಳು.

ಮಾರ್ಚ್ ೩೦, ಭಾನುವಾರ

ಕೆಳಗೆ ತಾತ ಮೊಮ್ಮಗಳ ಕಾರ್ಖಾನೆ ನಡೀತಿದೆ. ಗಾಜಿನ ಪೆಟ್ಟಿಗೆ, ಅದರೊಳಗೆ ಎರಡು ಪುಟಾಣಿ ಪಂಪು, ಒಂದು ತಗ್ಗಿನಲ್ಲಿ, ಒಂದು ಸ್ವಲ್ಪ ಮೇಲೆ. ಒಂದು ಬಕೀಟಿನಿಂದ ನಲ್ಲಿ ಮೂಲಕ ನೀರು ಪೆಟ್ಟಿಗೆಗೆ ಬರುತ್ತೆ. ಮೇಲಿನ ಪಂಪಿನ ನೀರು ತಳ್ಳೋ ರೆಕ್ಕೆಯನ್ನು ಇವರೇ ಇಕ್ಕಳದಲ್ಲಿ ಅರ್ಧ ಮುರಿದರು.

"ಬಂದ ಪಂಪನ್ನೆಲ್ಲ ರಿಪೇರಿ ಮಾಡೇ ಕಳಿಸಿದ್ದೀನಿ. ಕೆಡಿಸ್ತಿರೋದು ಇದೇ ಮೊದಲು."

"ಚೆನ್ನಾಗಿ ಕೆಡಿಸು ತಾತ" ಅಂದಳು ಗುಬ್ಬಿ. "ನನ್ನ ಥರಾನೇ ಇರ್ಬೇಕು."

ಇವರು ಇಕ್ಕಳ ಕೆಳಗಿಟ್ಟು, ಕಣ್ಣಿಗೆ ಧೂಳು ಬಿತ್ತು ಅಂದರು.

ಏಪ್ರಿಲ್ ೪, ಶುಕ್ರವಾರ

ಎಲ್ಲಿಂದ ಬರೀಲಿ!

ಶಾಲೆಯ ಸಭಾಂಗಣ ಜನರಿಂದ ಕಿಕ್ಕಿರಿದಿತ್ತು. ಫ್ಯಾನು ತಿರುಗ್ತಿತ್ತೇ ಹೊರತು ಗಾಳಿ ಬರ್ತಿರಲಿಲ್ಲ. ನಾನೂ ಮಗಳೂ ಮೂರನೆಯ ಸಾಲಿನಲ್ಲಿ. ಇವರು ವೇದಿಕೆಯ ಪಕ್ಕ, ಪೆಟ್ಟಿಗೆಯ ಕಾವಲಿಗೆ. ಒಬ್ಬ ಹುಡುಗ ಅವರ ಮನೆಯ ತಕ್ಕಡಿ ತಂದಿದ್ದ, ಒಬ್ಬಳು ಅಪ್ಪನ ಸೀಟಿ. ಗುಬ್ಬಿಯ ಸರದಿ ಹತ್ತಿರ ಬಂತು. ಅವಳು ಸಾಲಿನಿಂದ ನನ್ನ ಕಡೆ ತಿರುಗಿ ಕೈ ಬೀಸಿದಳು. ಬೀಸಿದ ಕೈ ಅರ್ಧದಲ್ಲೇ ಬಿತ್ತು.

ನನ್ನ ಬಾಯಿ ತಾನಾಗಿ ತೆರೆಯಿತು. ಮುಚ್ಚಿದೆ. ಮಗಳು ನನ್ನ ಮಣಿಕಟ್ಟು ಹಿಡಿದಳು; ನಾನೂ ಅವಳದನ್ನು ಹಿಡಿದೆ. ಇಬ್ಬರೂ ಏಳಲಿಲ್ಲ. ಯಾಕೆಂದರೆ ಆ ಸಣ್ಣ ಟೀಚರು ಆಗಲೇ ಗುಬ್ಬಿಯನ್ನು ಎತ್ತಿಕೊಂಡಿದ್ದಳು. ಅವಳ ಕೈ ನಡುಗ್ತಿರಲಿಲ್ಲ. ತರಗತಿಯ ಮಕ್ಕಳಲ್ಲಿ ಒಂದೂ ಕಿರುಚಲಿಲ್ಲ. ಇಬ್ಬರು ಓಡಿ ಹೋಗಿ ಪಕ್ಕದ ಕೋಣೆಯಲ್ಲಿ ಚಾಪೆ ಹಾಸಿದರು, ಒಬ್ಬಳು ಕಿಟಕಿ ಮುಚ್ಚಿದಳು. ಟೀಚರು ಮಕ್ಕಳಿಗೆ ಮೊದಲೇ ಕಲಿಸಿಟ್ಟಿದ್ದಾಳೆ! ಒಬ್ಬ ಪುಟ್ಟ ಹುಡುಗ ವೇದಿಕೆ ಹತ್ತಿ ಮೈಕಿನಲ್ಲಿ, "ಶ್! ಗುಬ್ಬಿ ಮಲಗಿದ್ದಾಳೆ. ಎದ್ದು ಬರ್ತಾಳೆ" ಅಂದ. ಎದ್ದು ಬರ್ತಾಳೆ ಅಂತ ಎಷ್ಟು ಖಂಡಿತವಾಗಿ ಅಂದ ಆ ಮಗು!

ಅಷ್ಟು ದೊಡ್ಡ ಸಭಾಂಗಣ ಗಪ್‌ಚಿಪ್. ಆ ಮೌನದಲ್ಲಿ ಹಿಂದಿನಿಂದ ಟಕ್ ಟಕ್ ಅಂತ ಕೇಳಿಸಿತು. ದೊಡ್ಡ ಟೀಚರಮ್ಮ ನೋಡೋಕೆ ಬರ್ತಿದ್ದರು. ಆ ಕೋಣೆಯ ಬಾಗಿಲ ಹತ್ತಿರ ಬಂದದ್ದೇ ಸದ್ದು ನಿಂತಿತು. ಬಗ್ಗಿ ಎರಡೂ ಚಪ್ಪಲಿ ಬಿಚ್ಚಿದರು. ಕೈಯಲ್ಲಿ ಹಿಡಿದುಕೊಂಡು, ಎಲ್ಲರ ಮುಂದೆ, ಬರಿಗಾಲಲ್ಲಿ ತುದಿಬೆರಳ ಮೇಲೆ ಒಳಗೆ ಹೋದರು.

ದೇವರೇ, ಅದೊಂದನ್ನು ನೋಡೋಕೆ ಇಷ್ಟು ದಿನ ಬದುಕಿದ್ದು ಸಾರ್ಥಕ.

ಸರದಿ ಹಿಂದೆ ಮುಂದೆ ಮಾಡಿ ಉಳಿದ ಮಕ್ಕಳು ಪಿಸುದನಿಯಲ್ಲೇ ಮಾತಾಡಿದರು. ಶಂಖ ತಂದವನೊಬ್ಬ ಅದನ್ನು ಊದದೆ ತೋರಿಸಿ ಇಳಿದ, ಪಾಪ. ಕೊನೆಯ ಮಗುವೂ ಮುಗಿಸಿತು. ಆಗ ಬಾಗಿಲು ತೆರೆಯಿತು. ಕೆದರಿದ ಕೂದಲು, ಕೆನ್ನೆಯ ಮೇಲೆ ಚಾಪೆಯ ಗೆರೆ. ಗುಬ್ಬಿ ತನ್ನ ಎರಡೂ ಕಾಲ ಮೇಲೆ ನಡೆದು ವೇದಿಕೆ ಹತ್ತಿದಳು.

"ಇದು... ತಾತನ ಪಂಪು" ಅಂದಳು. ನಿಧಾನ. ಯಾರೂ ಅವಸರ ಮಾಡಲಿಲ್ಲ. "ಇಂಥದ್ದು ನನ್ನ ತಲೆಯಲ್ಲೂ ಇದೆ. ನಿಮ್ಮ ತಲೆಯಲ್ಲೂ ಇದೆ." ಮಕ್ಕಳೆಲ್ಲ ತಲೆ ಮುಟ್ಟಿ ನೋಡಿಕೊಂಡರು. ಕೆಲವು ಅಪ್ಪಂದಿರೂ.

ನಲ್ಲಿ ಸ್ವಲ್ಪ ಬಿಟ್ಟಳು. ಕೆಳಗಿನ ಪಂಪು ಗುಂಯ್ ಅಂದು ನೀರು ಆಚೆ ಹಾಕಿತು. "ಇದು ಪ್ರತಿದಿನದ್ದು. ನಾನು ಆಟ ಆಡಿದಾಗ, ಹೆದರಿದಾಗ ಹೀಗೆ." ನಲ್ಲಿ ಪೂರ್ತಿ ಬಿಟ್ಟಳು. ನೀರು ಏರಿತು, ಮೇಲಿನ ಪಂಪು ಎದ್ದಿತು, ಅದರ ಮುರಿದ ರೆಕ್ಕೆ ಕಟಕಟ ಅಂದಿತು. "ಇದು ನೆರೆ ಬಂದಾಗ ಏಳೋ ಪಂಪು. ನಂದು ಅರ್ಧ ಕೆಟ್ಟಿದೆ." ನೀರು ಏರಿ ಏರಿ ಪೆಟ್ಟಿಗೆ ಉಕ್ಕಿ ವೇದಿಕೆಯಿಂದ ಇಳಿದು ಮೊದಲ ಸಾಲಿಗೆ ಹರಿಯಿತು. ಅತಿಥಿಗಳು ಕಾಲು ಮೇಲೆತ್ತಿ ಕೂತರು. ಇವರು ಒರೆಸೋಕೆ ಓಡಿದರೆ, ಗುಬ್ಬಿ ಕೈ ಅಡ್ಡ ಹಿಡಿದಳು.

"ಈಗ ನನ್ನ ಕೈ ಬೀಳುತ್ತೆ. ಹೆದರಬೇಡಿ. ಕೆನ್ನೆ ತಟ್ಟಬೇಡಿ. ನಲ್ಲಿ ಮುಚ್ಚಿ." ಮುಚ್ಚಿದಳು. "ನಲ್ಲಿ ಮುಚ್ಚೋದು ಅಂದ್ರೆ... ಮಲಗೋದು. ನೋಡಿ."

ಎಲ್ಲರೂ ಉಸಿರು ಬಿಗಿಹಿಡಿದು ಆ ಗಾಜಿನ ಪೆಟ್ಟಿಗೆಯನ್ನೇ ನೋಡಿದೆವು. ನೀರು ಇಳಿಯಿತು. ಇನ್ನೂ ಇಳಿಯಿತು. ಕೊನೆಗೆ ಗೊಳಕ್ ಅಂತ ಒಂದು ಸದ್ದು ಮಾಡಿ ಪೆಟ್ಟಿಗೆ ಬರಿದಾಯಿತು.

"ಎದ್ದೆ" ಅಂದಳು ಗುಬ್ಬಿ. ಎರಡೂ ಕೈ ಮೇಲೆತ್ತಿದಳು.

ಚಪ್ಪಾಳೆ ಬಿತ್ತು ನೋಡಿ! ಮೊದಲ ಚಪ್ಪಾಳೆ ದೊಡ್ಡ ಟೀಚರಮ್ಮನದು. ಚಪ್ಪಲಿ ಕಂಕುಳಲ್ಲಿ ಇರುಕಿಕೊಂಡೇ ತಟ್ಟಿದರು. ನಾನು ಗಂಟಲು ಬಿಚ್ಚಿ ದೇವರ ನಾಮ ಕೂಗಿದೆ. ಈಗ ಕೂಗಬಹುದಿತ್ತು, ಮಗು ಎದ್ದಿತ್ತು. ಮೂರು ಬೀದಿಗೆ ಕೇಳಿಸಿರಬೇಕು.

ಏಪ್ರಿಲ್ ೨೧, ಸೋಮವಾರ

ಎದ್ದಾಗ ಬಿಸಿಲು ಮೆಟ್ಟಿಲ ಮೇಲೆ ಬಂದಿತ್ತು. ದೀಪ ಹಚ್ಚಿ, ಎಲ್ಲರ ಜೊತೆ ಊಟಕ್ಕೆ ಕೂತು ಎರಡನೆಯ ಸಲವೂ ಬಡಿಸಿಕೊಂಡೆ. ಶಾಲೆಗೆ ರಜೆ. ಗುಬ್ಬಿಗೆ ಮೊನ್ನೆ ಒಂದು ಸಲ ಬಂದಿತ್ತು, ಮಲಗಿದಳು, ಎದ್ದಳು, ಆಟಕ್ಕೆ ಓಡಿದಳು. ಬರೆಯುವಂಥದ್ದೇನಿಲ್ಲ.

ಶಾಲೆಯ ಕಾವಲಿನವನು ದೊಡ್ಡ ಟೀಚರಮ್ಮನ ಕಾಗದ ತಂದು ಕೊಟ್ಟ. ಗುಬ್ಬಿಯನ್ನು ಮುಂದಿನ ತರಗತಿಗೆ ಸೇರಿಸಿಕೊಂಡಿದ್ದಾರೆ. ಅವಳ ಬೆಂಚನ್ನೂ ಅವಳ ಜೊತೆಗೇ ಹೊಸ ಕೋಣೆಗೆ ಸಾಗಿಸ್ತಾರಂತೆ! ಜೊತೆಗೆ, ಶಾಲೆ ತೆರೆಯೋ ದಿನ ನಾನು ಬಂದು ಎಲ್ಲ ಟೀಚರುಗಳ ಮುಂದೆ ಮಗು ಬಿದ್ದಾಗ ಏನು ಮಾಡಬೇಕು ಅಂತ ಮಾಡಿ ತೋರಿಸಬೇಕಂತೆ. ಆಗುತ್ತಾ ಅಂತ ಬರೆದು ತಿಳಿಸಬೇಕು.

ನೀಟಾಗಿ ಬರೆಯೋ ಮೊದಲು ಇಲ್ಲಿ ಬರೆದು ನೋಡ್ತೀನಿ.

ದೊಡ್ಡ ಟೀಚರಮ್ಮನವರಿಗೆ ನಮಸ್ಕಾರ. ಬರ್ತೀನಿ. ಚಾಪೆ ನಾನೇ ತರ್ತೀನಿ. ಗುಬ್ಬಿಯ ತಾತನೂ ಬರ್ತಾರಂತೆ, ಬೇಡ ಅಂದರೂ ಕೇಳೋದಿಲ್ಲ; ನೆಲ ಒರೆಸೋಕೆ ಬಟ್ಟೆ ಇಟ್ಟಿರಿ. ಟೀಚರುಗಳಿಗೆ ಓದೋಕೆ ಡಾಕ್ಟರ ಕಾಗದವನ್ನು ಕೆಳಗೆ ಅಂಗಡಿಯ ಮೇಜಿನ ಮೇಲೆ ಪಂಪಿನ ಭಾರ ಹೇರಿ ಇಟ್ಟಿರ್ತೀನಿ. ದಯವಿಟ್ಟು ಮಧ್ಯಾಹ್ನ ಯಾರನ್ನಾದರೂ ಕಳಿಸಿ ತರಿಸಿಕೊಳ್ಳಿ. ಬಂದವರು ಮೇಲೆ ಹತ್ತಿ ಬಾಗಿಲು ಬಡಿಯೋದು ಬೇಡ. ಆ ಹೊತ್ತಿನಲ್ಲಿ ನಾನೂ ಗುಬ್ಬಿಯೂ ಮಲಗಿರ್ತೀವಿ.